ಲಿಂಕ್ ಸಿಕ್ಕಿತು, ಗೂಗಲ್‌ನಲ್ಲಿ ಮೇಲೆ ಬರೋದು ಯಾವಾಗ?

(1/5)
ಆಲಂಕಾರು, ಕಡಬ, ಸುಬ್ರಹ್ಮಣ್ಯ ಕಡೆಯ ಹೋಂಸ್ಟೇಯವರು, ಹಾಳೆ ತಟ್ಟೆ ಮಾಡುವವರು, ಜೇನು ಮತ್ತು ಕಾಳುಮೆಣಸು ಆನ್‌ಲೈನ್‌ನಲ್ಲಿ ಮಾರುವವರು ಈ ಪೇಜಿಗೆ ಕಳಿಸುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಬ್ಯಾಕ್‌ಲಿಂಕ್ ಹಾಕಿಸಿದ್ದೇವೆ. ಎಷ್ಟು ದಿನಕ್ಕೆ ಗೂಗಲ್‌ನಲ್ಲಿ ಮೇಲೆ ಬರ್ತೇವೆ?"

ಆ "ಹಾಕಿಸಿದ್ದೇವೆ" ಎಂಬ ಮಾತಿನಲ್ಲೇ ಅರ್ಧ ಉತ್ತರ ಉಂಟು. ಅದಕ್ಕೆ ಆಮೇಲೆ ಬರ್ತೇನೆ.

ಹೊಸಬರಿಗಾಗಿ: ಬೇರೆಯವರ ವೆಬ್‌ಸೈಟಿನಿಂದ ನಿಮ್ಮ ವೆಬ್‌ಸೈಟಿಗೆ ಬರುವ ಕೊಂಡಿಯೇ ಬ್ಯಾಕ್‌ಲಿಂಕ್. ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ಸ್ಟ್ಯಾನ್‌ಫರ್ಡ್‌ನಲ್ಲಿ 1996ರಲ್ಲಿ ಮಾಡಿದ ಹುಡುಕಾಟದ ಯಂತ್ರಕ್ಕೆ ಮೊದಲು ಇಟ್ಟ ಹೆಸರೇ ‘ಬ್ಯಾಕ್‌ರಬ್’. ಯಾರು ಯಾರಿಗೆ ಲಿಂಕ್ ಕೊಟ್ಟಿದ್ದಾರೆ ಎಂದು ಹಿಂದಕ್ಕೆ ಹೋಗಿ ನೋಡುವುದೇ ಅದರ ಕೆಲಸ. ಗೂಗಲ್ ಎಂಬ ಹೆಸರು ನಂತರದ್ದು. ನಾಲ್ಕು ಜನ ಒಳ್ಳೆಯವರು ಒಬ್ಬರ ಹೆಸರು ಹೇಳಿದರೆ ಅವರಲ್ಲಿ ಏನೋ ಇರಬೇಕು ಎನ್ನುವ ಊರಿನ ಲೆಕ್ಕವೇ ಅದು. ಈಗ ಗೂಗಲ್ ನೋಡುವ ಸಂಗತಿಗಳು ಬಹಳ, ಲಿಂಕ್ ಅವುಗಳಲ್ಲಿ ಒಂದು ಮಾತ್ರ. ಆದರೂ ಲೆಕ್ಕದಿಂದ ಹೊರಗೆ ಹೋಗಿಲ್ಲ.

(2/5)
ಸರಿ, ಎಷ್ಟು ದಿನ?

ಗೂಗಲ್ ವೆಬ್‌ಸೈಟ್ ಮಾಲೀಕರಿಗೆ ಕೊಡುವ ಮಾರ್ಗದರ್ಶಿಯಲ್ಲಿ ಇರುವುದು ಇಷ್ಟು: ಕೆಲವು ಬದಲಾವಣೆಗಳ ಪರಿಣಾಮ ಕೆಲವೇ ಗಂಟೆಗಳಲ್ಲಿ ಕಾಣಬಹುದು, ಕೆಲವಕ್ಕೆ ಹಲವು ತಿಂಗಳು ಬೇಕು, ಸಾಮಾನ್ಯವಾಗಿ ಕೆಲವು ವಾರ ಕಾದು ನೋಡಿ. 2017ರ ಒಂದು ವಿಡಿಯೋದಲ್ಲಿ ಗೂಗಲ್‌ನ ಮೈಲಿ ಓಹೈ, ಇಂಥ ಕೆಲಸಕ್ಕೆ ಜನ ಇಟ್ಟುಕೊಂಡರೆ ಫಲ ಕಾಣಲು ಹೆಚ್ಚಿನ ಸಂದರ್ಭಗಳಲ್ಲಿ 4 ತಿಂಗಳಿಂದ 1 ವರ್ಷ ಬೇಕು ಎಂದು ಸ್ಪಷ್ಟವಾಗಿ ಹೇಳಿದ್ದರು. ಇಡೀ ಕೆಲಸಕ್ಕೆ ಹೇಳಿದ ಲೆಕ್ಕ ಅದು, ಒಂದೇ ಲಿಂಕಿಗೆ ಅಲ್ಲ. ಆದರೂ ಸಾಧಾರಣ ಅಂದಾಜಿಗೆ ಅದನ್ನೇ ಇಟ್ಟುಕೊಳ್ಳಿ.

ತಡ ಯಾಕೆ? ಲಿಂಕ್ ಇರುವ ಪುಟಕ್ಕೆ ಮೊದಲು ಗೂಗಲ್‌ನ ಬಾಟ್ ಬರಬೇಕು. ದೊಡ್ಡ ಪತ್ರಿಕೆಯ ಮುಖಪುಟಕ್ಕೆ ಅದು ದಿನಕ್ಕೆ ಎಷ್ಟೋ ಸಲ ಬರ್ತದೆ. ವರ್ಷದಿಂದ ಯಾರೂ ಮುಟ್ಟದ ಡೈರೆಕ್ಟರಿಯ ಮೂಲೆಯ ಪುಟಕ್ಕೆ ತಿಂಗಳುಗಟ್ಟಲೆ ಬರದೆ ಇರಬಹುದು. ಬಂದ ಮೇಲೂ ಆ ಪುಟವನ್ನು ತನ್ನ ಪಟ್ಟಿಗೆ ಸೇರಿಸಬೇಕೋ ಬೇಡವೋ ಎಂದು ಅದೇ ತೀರ್ಮಾನಿಸ್ತದೆ. ಸೇರಿಸದಿದ್ದರೆ ಅಲ್ಲಿರುವ ನಿಮ್ಮ ಲಿಂಕ್ ಇದ್ದೂ ಇಲ್ಲದ ಹಾಗೆ. ಸೇರಿಸಿದರೆ ಆಮೇಲೆ ತೂಕದ ಪ್ರಶ್ನೆ: ಕೊಟ್ಟವರು ಯಾರು, ವಿಷಯಕ್ಕೂ ನಿಮಗೂ ಸಂಬಂಧ ಉಂಟಾ, ಅದೇ ಶಬ್ದಕ್ಕೆ ನಿಮ್ಮ ಎದುರು ಯಾರೆಲ್ಲ ಇದ್ದಾರೆ.

ಕೊನೆಯದ್ದನ್ನು ನಮ್ಮವರು ಮರೆಯುತ್ತಾರೆ. ‘ಕುಕ್ಕೆ ಸುಬ್ರಹ್ಮಣ್ಯ ರೂಮ್’ ಎಂದು ಇಂಗ್ಲಿಷಿನಲ್ಲಿ ಹುಡುಕಿದರೆ ಮೇಲೆ ಇರುವುದು ದೊಡ್ಡ ಬುಕಿಂಗ್ ಕಂಪನಿಗಳು. ಅಲ್ಲಿ ಒಂದು ಲಿಂಕ್ ಬಂದರೆ ಏನೂ ಅಲುಗಾಡುವುದಿಲ್ಲ, ಹತ್ತು ಬಂದರೂ ಕಷ್ಟ. ‘ಅಡಿಕೆ ಹಾಳೆ ತಟ್ಟೆ ಕಡಬ’ ಎಂದು ಕನ್ನಡ ಲಿಪಿಯಲ್ಲಿ ಹುಡುಕಿ ನೋಡಿ. ಸ್ಪರ್ಧೆಯೇ ಕಡಿಮೆ. ಅಲ್ಲಿ ಒಂದು ಒಳ್ಳೆಯ ಲಿಂಕ್, ಒಂದು ಸರಿಯಾದ ಕನ್ನಡ ಪುಟ ಇದ್ದರೆ ಕೆಲವೇ ವಾರಗಳಲ್ಲಿ ವ್ಯತ್ಯಾಸ ಕಾಣುವ ಸಾಧ್ಯತೆ ಉಂಟು. ಇಂಗ್ಲಿಷ್ ಶಬ್ದದ ಹಿಂದೆ ಓಡಿ ವರ್ಷ ಕಾಯುವುದಕ್ಕಿಂತ ಇದು ಲಾಭ ಅಂತ ನನ್ನ ಅಭಿಪ್ರಾಯ.

(3/5)
ಈಗ "ಹಾಕಿಸಿದ" ಲಿಂಕಿನ ವಿಷಯ. ಇದನ್ನು ಸ್ವಲ್ಪ ಖಾರವಾಗಿಯೇ ಹೇಳ್ತೇನೆ.

"30 ದಿನದಲ್ಲಿ ಫಸ್ಟ್ ಪೇಜ್, 500 ಬ್ಯಾಕ್‌ಲಿಂಕ್ ಗ್ಯಾರಂಟಿ" ಎನ್ನುವ ಮೆಸೇಜ್ ನಿಮಗೂ ಬಂದಿರಬಹುದು. ಮೊದಲ ಸ್ಥಾನದ ಗ್ಯಾರಂಟಿಯನ್ನು ಯಾರೂ ಕೊಡಲಿಕ್ಕೆ ಆಗುವುದಿಲ್ಲ ಎಂದು ಗೂಗಲ್ಲೇ ಬರೆದಿಟ್ಟಿದೆ. ಇನ್ನು ದಿನ ನಿಗದಿ ಮಾಡಿ ಕೊಡುವುದು ಎಲ್ಲಿಂದ ಮಾರಾಯ್ರೆ?

ಹಣ ಕೊಟ್ಟು ಕೊಂಡ ಲಿಂಕಿನ ಚರಿತ್ರೆ ನೋಡಿ. 2012ರ ಏಪ್ರಿಲ್‌ನಲ್ಲಿ ಗೂಗಲ್ ‘ಪೆಂಗ್ವಿನ್’ ಎಂಬ ಬದಲಾವಣೆ ತಂದಿತು. ಕೃತಕ ಲಿಂಕ್ ತುಂಬಿಸಿಕೊಂಡಿದ್ದ ವೆಬ್‌ಸೈಟ್‌ಗಳು ಒಮ್ಮೆಲೇ ಕೆಳಗೆ ಬಿದ್ದವು. ಬಿದ್ದವರು ಕೆಟ್ಟ ಲಿಂಕ್ ತೆಗೆಸಿ ಶುದ್ಧವಾದರೂ ಕೂಡಲೇ ಮೇಲೆ ಬರುವ ಹಾಗಿರಲಿಲ್ಲ, ಗೂಗಲ್ ಮುಂದಿನ ಸಲ ಲೆಕ್ಕ ಹಾಕುವವರೆಗೆ ಕಾಯಬೇಕು. 2014ರ ಅಕ್ಟೋಬರ್ ನಂತರದ ದೊಡ್ಡ ಲೆಕ್ಕ ಬಂದದ್ದು 2016ರ ಸೆಪ್ಟೆಂಬರ್‌ನಲ್ಲಿ, ಹತ್ತಿರ ಹತ್ತಿರ 2 ವರ್ಷ ಕಳೆದು. ವ್ಯಾಪಾರ ಮಾಡುವವನಿಗೆ ಎರಡು ವರ್ಷ ಎಂದರೆ ಎಂತ ಅಂತ ನಿಮಗೆ ಹೇಳಬೇಕಾಗಿಲ್ಲ.

ಆಮೇಲೆ ಕ್ರಮ ಬದಲಾಯಿತು. ಪೆಂಗ್ವಿನ್ ಈಗ ಸದಾ ಕೆಲಸ ಮಾಡುತ್ತಲೇ ಇರ್ತದೆ, ಕೆಟ್ಟ ಲಿಂಕಿಗಾಗಿ ಇಡೀ ಸೈಟನ್ನು ಕೆಳಗೆ ತಳ್ಳುವ ಬದಲು ಹೆಚ್ಚಾಗಿ ಆ ಲಿಂಕನ್ನೇ ಲೆಕ್ಕಕ್ಕೆ ಹಿಡಿಯುವುದಿಲ್ಲ. 2022ರ ಡಿಸೆಂಬರ್‌ನಿಂದ ‘ಸ್ಪ್ಯಾಮ್‌ಬ್ರೈನ್’ ಎಂಬ ವ್ಯವಸ್ಥೆ ಕೊಂಡ ಲಿಂಕನ್ನೂ, ಲಿಂಕ್ ಮಾರಲಿಕ್ಕೆಂದೇ ಮಾಡಿದ ಸೈಟನ್ನೂ ಹುಡುಕುತ್ತದೆ. ಅಂಥ ಲಿಂಕಿನಿಂದ ಮೊದಲು ಸ್ವಲ್ಪ ಮೇಲೆ ಬಂದಿದ್ದರೂ ಆ ಲಾಭ ಹೋಗ್ತದೆ, ಮತ್ತೆ ಸಿಗುವುದಿಲ್ಲ.

ಅಂದರೆ 500 ಲಿಂಕ್ ಹಾಕಿಸಿ "ಇನ್ನೂ ಎಷ್ಟು ದಿನ" ಎಂದು ಕಾಯುವವರಿಗೆ ನಿಜವಾದ ಉತ್ತರ: ಬಹುಶಃ ಯಾವತ್ತೂ ಇಲ್ಲ. ಮಾರಿದವನು ಮಾತ್ರ "ಗೂಗಲ್ ನಿಧಾನ, ಇನ್ನು ಮೂರು ತಿಂಗಳು ಪ್ಯಾಕೇಜ್ ಮುಂದುವರಿಸಿ" ಅಂತಾನೆ. ತಡ ಆಗುತ್ತದೆ ಎನ್ನುವುದು ನಿಜವೇ ಆದ್ದರಿಂದ ಅವನ ಸುಳ್ಳು ನಂಬುವ ಹಾಗೆ ಕೇಳ್ತದೆ. ಒಳ್ಳೆಯ ಲಿಂಕ್ ತಡವಾಗಿ ಫಲ ಕೊಡುವುದಕ್ಕೂ ಹಾಳು ಲಿಂಕ್ ಫಲ ಕೊಡದೇ ಇರುವುದಕ್ಕೂ ಮೊದಲ ಮೂರು ತಿಂಗಳು ಹೊರಗಿನಿಂದ ವ್ಯತ್ಯಾಸ ಗೊತ್ತಾಗುವುದಿಲ್ಲ. ಆ ಮೂರು ತಿಂಗಳ ಕತ್ತಲೆಯಲ್ಲೇ ಇವರ ವ್ಯಾಪಾರ ನಡೆಯುವುದು. ಹಾಗಾಗಿ ಸಂಖ್ಯೆ ಕೇಳಬೇಡಿ, ಯಾವ ಯಾವ ಪುಟದಲ್ಲಿ ಲಿಂಕ್ ಬರ್ತದೆ ಎಂದು ಹಣ ಕೊಡುವ ಮೊದಲೇ ಪಟ್ಟಿ ಕೇಳಿ. ಪಟ್ಟಿ ಕೊಡುವುದಿಲ್ಲ ಎಂದರೆ ಮಾತು ಅಲ್ಲಿಗೆ ಮುಗೀತು.

(4/5)
ನನಗೆ ಹೆಚ್ಚು ಬೇಸರ ಇರುವುದು ಬೇರೆಯೇ ಕಡೆ. ನಮ್ಮ ಊರಿನವರಿಗೆ ಹೆಸರು ಹೇಳುವವರು ಇಲ್ಲ ಅಂತ ಅಲ್ಲ, ಬೇಕಾದಷ್ಟು ಇದ್ದಾರೆ. ಆ ಹೆಸರು ಲಿಂಕ್ ಆಗುವುದೇ ಇಲ್ಲ.

ಹಾಳೆ ತಟ್ಟೆ ಘಟಕದ ಬಗ್ಗೆ ಪೇಪರಿನಲ್ಲಿ ಕಾಲು ಪುಟ ಬರ್ತದೆ. ನಾವು ಎಂತ ಮಾಡ್ತೇವೆ? ಕಟಿಂಗಿನ ಫೋಟೋ ತೆಗೆದು ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕ್ತೇವೆ. ನೂರು ಜನ ಕೈ ಮುಗಿದು, ಹೂ ಇಟ್ಟು ಮುಂದೆ ಹೋಗ್ತಾರೆ. ಗೂಗಲ್ ಆ ಗ್ರೂಪಿನೊಳಗೆ ಬರುವುದಿಲ್ಲ. ಅದೇ ಸುದ್ದಿ ಪತ್ರಿಕೆಯ ವೆಬ್‌ಸೈಟಿನಲ್ಲಿ ಇದ್ದರೂ ಘಟಕದ ಹೆಸರು ಇರ್ತದೆ, ಫೋನ್ ನಂಬರೂ ಇರಬಹುದು, ವೆಬ್‌ಸೈಟಿನ ಲಿಂಕ್ ಮಾತ್ರ ಇರುವುದಿಲ್ಲ. ಒಂದು ಸಾಲಿನ ಮೇಲ್ ಕಳಿಸಿ "ಸರ್, ನಮ್ಮ ವಿಳಾಸ ಸೇರಿಸ್ತೀರಾ" ಎಂದು ಕೇಳಿದವರು ಎಷ್ಟು ಜನ?

ಇನ್‌ಸ್ಟಾಗ್ರಾಮ್ ಕೂಡ ಇದಕ್ಕೆ ಆಗಿ ಬರುವುದಿಲ್ಲ. ಇದೇ ಕ್ಯಾಪ್ಶನ್ನಿನಲ್ಲಿ ನಿಮ್ಮ ವಿಳಾಸ ಬರೆದರೂ ಒತ್ತಿದರೆ ತೆರೆಯುವುದಿಲ್ಲ. ಬಯೋದಲ್ಲಿ ಹಾಕಿದ ಲಿಂಕಿಗೆ ‘ನೋಫಾಲೋ’ ಗುರುತು ಇರ್ತದೆ, ಅಂದರೆ ಇದನ್ನು ನಮ್ಮ ಶಿಫಾರಸು ಎಂದು ಎಣಿಸಬೇಡಿ ಎಂದು ಗೂಗಲ್‌ಗೆ ಹೇಳಿದ ಹಾಗೆ. ವಿಕಿಪೀಡಿಯದ ಹೊರಗಿನ ಲಿಂಕುಗಳಿಗೂ 2007ರಿಂದ ಅದೇ ಗುರುತು. ಗಿರಾಕಿ ಬರಲಿಕ್ಕೆ ಇವೆಲ್ಲ ಒಳ್ಳೆಯದು, ರ್‍ಯಾಂಕಿಗೆ ಇವನ್ನು ನಂಬಿ ಕೂರಬೇಡಿ.

1988ರಲ್ಲಿ ಪುತ್ತೂರಿನಿಂದ ಶುರುವಾದ ‘ಅಡಿಕೆ ಪತ್ರಿಕೆ’ ನೆನಪಿಸಿಕೊಳ್ಳಿ. ಶ್ರೀಪಡ್ರೆಯವರ ಬಳಗ ಕೃಷಿಕರ ಕೈಯಲ್ಲೇ ಬರೆಸಿತು, ಬರಹದ ಜೊತೆ ಆ ಕೃಷಿಕರನ್ನು ಸಂಪರ್ಕಿಸುವ ದಾರಿಯನ್ನೂ ಕೊಟ್ಟಿತು. ಓದಿದವರು ನೇರ ಆ ತೋಟಕ್ಕೇ ಹೋಗಬಹುದಿತ್ತು. ವೆಬ್ ಇಲ್ಲದ ಕಾಲದ ಬ್ಯಾಕ್‌ಲಿಂಕ್ ಎಂದರೆ ಅದೇ. ಇವತ್ತು ಸೊಸೈಟಿಗಳಿಗೆ, ಶಾಲೆಗಳಿಗೆ, ದೇವಸ್ಥಾನಗಳಿಗೆ, ಕೃಷಿ ಸಂಘಗಳಿಗೆ ವೆಬ್‌ಸೈಟ್ ಉಂಟು. ಸದಸ್ಯರ ಉದ್ಯಮಗಳಿಗೆ ಒಂದು ಪುಟ ಮಾಡಿ ಲಿಂಕ್ ಕೊಡಲಿಕ್ಕೆ ಖರ್ಚು ಏನೂ ಇಲ್ಲ. ಅಂಥ ಐದು ಲಿಂಕ್ 500ಕ್ಕಿಂತ ಮೇಲು. ಅವು ನಿಜವಾಗಿ ನಿಮ್ಮನ್ನು ಬಲ್ಲವರ ಮಾತು.

ಇನ್ನೊಂದು ನಮ್ಮದೇ ತೊಂದರೆ, ವಿಳಾಸದ್ದು. ಕಡಬ ತಾಲೂಕಾಗಿ ವರ್ಷಗಳಾದರೂ ಆಲಂಕಾರು ಎಷ್ಟೋ ಕಡೆ ಇನ್ನೂ ‘ಪುತ್ತೂರು ತಾಲೂಕು’. ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಸ್ಪೆಲ್ಲಿಂಗ್ ಬರೀತಾರೆ. ಅದರ ಮೇಲೆ ಮೂಡುಬಿದಿರೆಯ ಹತ್ತಿರ ಒಂದು ಅಲಂಗಾರು ಬೇರೆ! ಲಿಂಕ್ ಒಂದು ಕಡೆ, ವಿಳಾಸ ಇನ್ನೊಂದು ಕಡೆ ಆದರೆ ಮ್ಯಾಪಿನಲ್ಲಿ ನಿಮ್ಮನ್ನು ಹುಡುಕುವವರಿಗೂ ಗೊಂದಲ, ಗೂಗಲ್‌ಗೂ ಗೊಂದಲ. ಎಲ್ಲ ಕಡೆ ಒಂದೇ ರೀತಿ ಬರೆಸಿ.

(5/5)
ಹಾಗಾದರೆ ಯಾವಾಗ ಶುರು ಮಾಡಬೇಕು? ಹೋಂಸ್ಟೇಯವರಿಗೆ ನನ್ನ ಲೆಕ್ಕ ಹೀಗೆ. ಕುಕ್ಕೆಯ ಚಂಪಾಷಷ್ಠಿ ಬರುವುದು ನವೆಂಬರ್–ಡಿಸೆಂಬರ್ ಹೊತ್ತಿಗೆ. ದೀಪಾವಳಿ ಮುಗಿದ ಮೇಲೆ ಲಿಂಕ್ ಹುಡುಕಲಿಕ್ಕೆ ಹೊರಟರೆ ಷಷ್ಠಿ ಮುಗಿದ ಮೇಲೆ ಫಲ. ಆಟಿಯಲ್ಲಿ, ಮಳೆಗೆ ರೂಮುಗಳು ಖಾಲಿ ಇರುವಾಗ, ಪುಟ ಸರಿಪಡಿಸಿ, ಪತ್ರಿಕೆಗೆ ಮೇಲ್ ಮಾಡಿ, ಸಂಘದವರನ್ನು ಕೇಳಿ. ಅಲ್ಲಿಂದ ಷಷ್ಠಿಗೆ ಸುಮಾರು 4 ತಿಂಗಳು ಸಿಗ್ತದೆ.

ಲಿಂಕ್ ಬಂದ ದಿನಾಂಕವನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಸರ್ಚ್ ಕನ್ಸೋಲ್ ಉಚಿತ, ತಿಂಗಳಿಗೊಮ್ಮೆ ತೆರೆದು ನೋಡಿದರೆ ಸಾಕು. ದಿನಾ ನೋಡಿದರೆ ತಲೆಬಿಸಿ ಮಾತ್ರ. ಅಲ್ಲಿಯ ಲಿಂಕ್ ಪಟ್ಟಿ ಪೂರ್ತಿ ಇರುವುದಿಲ್ಲ, ತಡವಾಗಿಯೂ ಬರ್ತದೆ. ಅದರಲ್ಲಿ ಕಾಣಲಿಲ್ಲ ಎಂದು ಗಾಬರಿ ಬೇಡ. ನೋಡಬೇಕಾದದ್ದು ಯಾವ ಶಬ್ದಕ್ಕೆ ಎಷ್ಟನೇ ಸ್ಥಾನ ಎಂಬುದು. ಷಷ್ಠಿಯ ತಿಂಗಳು ಹುಡುಕುವವರೇ ಹೆಚ್ಚು, ಹಾಗಾಗಿ ಕ್ಲಿಕ್ ಜಾಸ್ತಿಯಾದದ್ದೆಲ್ಲ ಲಿಂಕಿನಿಂದ ಅಂತ ತಿಳಿಯಬೇಡಿ. ಹೋದ ವರ್ಷದ ಅದೇ ತಿಂಗಳ ಜೊತೆ ಹೋಲಿಸಿ.

ನಿಮ್ಮ ಬಗ್ಗೆ ವೆಬ್‌ನಲ್ಲಿ ಸುದ್ದಿ ಬಂದು ಲಿಂಕ್ ಮಾತ್ರ ಇಲ್ಲದಿದ್ದರೆ ಆ ಸುದ್ದಿಯ ಸ್ಕ್ರೀನ್‌ಶಾಟ್ ಇನ್‌ಬಾಕ್ಸಿಗೆ ಕಳಿಸಿ. ಸಂಪಾದಕರಿಗೆ ಹೇಗೆ ಕೇಳಬೇಕು ಎಂಬ ನಾಲ್ಕು ಸಾಲಿನ ಮೇಲ್ ನಾನು ಬರೆದುಕೊಡ್ತೇನೆ.

#ಆಲಂಕಾರು #ಕಡಬ #ಪುತ್ತೂರು #ಬ್ಯಾಕ್‌ಲಿಂಕ್ #ಕನ್ನಡದಲ್ಲಿ_ಎಸ್‌ಇಒ #ಹಾಳೆತಟ್ಟೆ