ತೆರಿಗೆ ಸೊನ್ನೆ, ತಡಕ್ಕೆ ಐದು ಸಾವಿರ!

ಬ್ಯಾಂಕಿನ ಕೌಂಟರಿನ ಹಿಂದೆ ಆಯಸ್ಸಿನ ಅರ್ಧ ಕಳೆದವನು ನಾನು. ಹಾಗಾಗಿ ಬಿ.ದುರ್ಗದಲ್ಲಿ ಯಾರ ಮನೆಗೆ ಯಾವ ಫಾರಂ ಬಂದರೂ ಅದು ಒಮ್ಮೆ ನಮ್ಮ ಮನೆಯ ಜಗಲಿಗೆ ಬಂದೇ ಹೋಗುತ್ತದೆ. ಹತ್ತು ಜನಕ್ಕೆ ಸರಿಯಾಗಿ ಹೇಳಿದ್ದು ಯಾರಿಗೂ ನೆನಪಿರುವುದಿಲ್ಲ. ಒಬ್ಬರಿಗೆ ತಪ್ಪು ಹೇಳಿದ್ದು ಮಾತ್ರ ನಮಗೇ ನಿದ್ದೆಗೆಡಿಸುತ್ತದೆ. ಈ ವಾರ ಅಂಥದ್ದೇ ಒಂದು ಲೆಕ್ಕ ಒಪ್ಪಿಸುತ್ತೇನೆ.

ನಮ್ಮ ಬೀದಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ವಯಸ್ಸು ಅರವತ್ತೆಂಟು. ಕಳೆದ ಆಗಸ್ಟಿನಲ್ಲಿ ಒಂದು ಸಂಜೆ, “ರಾಯರೇ, ನಾನು ರಿಟರ್ನ್ ಸಲ್ಲಿಸಬೇಕಾ?” ಎಂದು ಕೇಳಿದರು. ನಾನು ಕಾಫಿ ಲೋಟ ಕೆಳಗಿಡದೆಯೇ, “ಏಳು ಲಕ್ಷದ ಒಳಗೆ ತೆರಿಗೆ ಇಲ್ಲವಲ್ಲ ಮೇಷ್ಟ್ರೇ, ಸುಮ್ಮನೆ ಯಾಕೆ ತಲೆಬಿಸಿ?” ಎಂದುಬಿಟ್ಟೆ. ಅವರು ನಂಬಿದರು. ಬಿಕಾಂ ಓದಿದವನು, ಬ್ಯಾಂಕಿನಲ್ಲಿದ್ದವನು ಹೇಳಿದ ಮೇಲೆ ನಂಬದೆ ಇರುತ್ತಾರೆಯೇ?

ಮೊನ್ನೆ ಡಿಸೆಂಬರ್ ಮೊದಲ ವಾರ ಮತ್ತೆ ಬಂದರು. ಕೈಯಲ್ಲಿ ಟಿಡಿಎಸ್ ಪತ್ರ. ಠೇವಣಿಯ ಬಡ್ಡಿಯಲ್ಲಿ 7,000 ರೂಪಾಯಿ ಮುರಿದುಕೊಂಡಿದ್ದರು. ವರ್ಷದ ಆರಂಭದಲ್ಲಿ 15ಎಚ್ ಫಾರಂ ಕೊಟ್ಟಿರಲಿಲ್ಲ, ಮುರಿದದ್ದು ಕಾನೂನಿನ ಪ್ರಕಾರವೇ. “ತೆರಿಗೆಯೇ ಇಲ್ಲದ ಮೇಲೆ ಈ ದುಡ್ಡು ನನಗೆ ವಾಪಸು ಬರಬೇಕಲ್ಲ?” ಎಂದರು. ಬರಬೇಕು, ಆದರೆ ರಿಟರ್ನ್ ಸಲ್ಲಿಸಿದರೆ ಮಾತ್ರ. ಕಾಗದ ಪೆನ್ಸಿಲ್ ತೆಗೆದುಕೊಂಡು ಕೂತೆ.

2024-25ನೇ ಸಾಲಿನಲ್ಲಿ ಅವರ ಪಿಂಚಣಿ 5,40,000. ಬಡ್ಡಿ 70,000. ಒಟ್ಟು 6,10,000. ಹೊಸ ಪದ್ಧತಿಯಲ್ಲಿ ಪಿಂಚಣಿದಾರರಿಗೆ ಸಿಗುವ 75,000 ರೂಪಾಯಿಯ ಕಡಿತ ಕಳೆದರೆ ಉಳಿದದ್ದು 5,35,000. ಇದರ ಮೇಲೆ ತೆರಿಗೆ 11,750. ಏಳು ಲಕ್ಷದ ಒಳಗಿನವರಿಗೆ 87ಎ ಸೆಕ್ಷನ್ ಕೊಡುವ ರಿಯಾಯಿತಿಯಿಂದ ಅದು ಸೊನ್ನೆ. ಇಲ್ಲಿಯವರೆಗೆ ನಾನು ಹೇಳಿದ್ದು ಸರಿಯೇ.

ತಪ್ಪಿದ್ದು ಮುಂದೆ. ತೆರಿಗೆ ಇಲ್ಲ ಎನ್ನುವುದು ಒಂದು ಗೆರೆ, ರಿಟರ್ನ್ ಬೇಡ ಎನ್ನುವುದು ಇನ್ನೊಂದು ಗೆರೆ. ಆ ವರ್ಷ ಹೊಸ ಪದ್ಧತಿಯಲ್ಲಿ ಎರಡನೆಯ ಗೆರೆ ಇದ್ದದ್ದು ಮೂರು ಲಕ್ಷಕ್ಕೆ. ಅದನ್ನು ದಾಟಿದವರು ತೆರಿಗೆ ಸೊನ್ನೆಯಾದರೂ ರಿಟರ್ನ್ ಸಲ್ಲಿಸಲೇಬೇಕು. ಮಾಮೂಲಿ ಗಡುವು ಜುಲೈ 31. ಈ ಸಲ ಅದನ್ನು ಸೆಪ್ಟೆಂಬರ್ 15ಕ್ಕೆ, ಆಮೇಲೆ ಇನ್ನೊಂದು ದಿನ ಸೇರಿಸಿ 16ಕ್ಕೆ ಮುಂದೂಡಿದ್ದರು. ಅಂದರೆ ಆಗಸ್ಟಿನಲ್ಲಿ ಮೇಷ್ಟ್ರು ಕೇಳಿದಾಗ ಬಾಗಿಲು ತೆರೆದೇ ಇತ್ತು. ಮುಚ್ಚಿಸಿದವನು ನಾನು.

ಗಡುವು ದಾಟಿದರೆ 234ಎಫ್ ಸೆಕ್ಷನ್ ಪ್ರಕಾರ ತಡದ ಶುಲ್ಕ. ಕಡಿತಗಳ ನಂತರದ ಆದಾಯ ಐದು ಲಕ್ಷದ ಒಳಗಿದ್ದರೆ 1,000, ಅದಕ್ಕಿಂತ ಹೆಚ್ಚಿದ್ದರೆ 5,000. ಮೇಷ್ಟ್ರದು 5,35,000. ಬರಬೇಕಾದ 7,000ದಲ್ಲಿ 5,000 ಶುಲ್ಕಕ್ಕೆ ಹೋಗಿ, ಕೈಗೆ ಸಿಗುವುದು 2,000.

ನಮ್ಮ ಮೊಮ್ಮಗಳು ಒಂಬತ್ತನೇ ಕ್ಲಾಸು. ಫೋನಿನಲ್ಲಿ ರಿಟರ್ನ್ ತುಂಬಲು ನನಗೆ ಅವಳೇ ಕಣ್ಣು. “ತಾತ, ತೆರಿಗೆಯೇ ಇಲ್ಲ ಅಂದಮೇಲೆ ದಂಡ ಯಾತಕ್ಕೆ?” ಎಂದಳು. ನಾನು ಉತ್ತರ ಹುಡುಕುತ್ತಿದ್ದೆ, ಅವಳೇ ಹೇಳಿದಳು: “ನಮ್ಮ ಸ್ಕೂಲ್ ಲೈಬ್ರರಿ ಥರ. ಪುಸ್ತಕಕ್ಕೆ ದುಡ್ಡಿಲ್ಲ, ಲೇಟಾದರೆ ಮಾತ್ರ ದುಡ್ಡು!” ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ಒಂದು ವ್ಯತ್ಯಾಸವಿದೆ. ಲೈಬ್ರರಿ ಮೇಡಂ ಹತ್ತಿರ, “ಜ್ವರ ಬಂದಿತ್ತು ಮಿಸ್” ಎಂದು ಬೇಡಿಕೊಳ್ಳಬಹುದು. ಹಿಂದೆ ತೆರಿಗೆಯಲ್ಲೂ ಹೀಗೇ ಇತ್ತು. 271ಎಫ್ ಪ್ರಕಾರ ದಂಡ ಹಾಕುವುದು ಅಧಿಕಾರಿಯ ವಿವೇಚನೆ, ಕಾರಣ ಹೇಳಿಕೊಳ್ಳಲು ಅವಕಾಶ. 2017ರ ಹಣಕಾಸು ಕಾಯ್ದೆ ಅದನ್ನು ಬದಲಿಸಿ ಶುಲ್ಕ ಎಂದು ಮಾಡಿತು. ಈಗ ಲೆಕ್ಕ ಹಾಕುವುದು ಬೆಂಗಳೂರಿನ ಕೇಂದ್ರದಲ್ಲಿರುವ ಕಂಪ್ಯೂಟರ್. ದೇಶದ ರಿಟರ್ನುಗಳೆಲ್ಲ ಅಲ್ಲಿಗೇ ಬರುತ್ತವೆ. ಅದಕ್ಕೆ ನಮ್ಮ ಜ್ವರವೂ ಗೊತ್ತಿಲ್ಲ, ಮೇಷ್ಟ್ರ ಒಳ್ಳೆಯತನವೂ ಗೊತ್ತಿಲ್ಲ.

ತೆರಿಗೆ ಬಾಕಿ ಇರುವವರಿಗೆ ಶುಲ್ಕದ ಜೊತೆ ಬಡ್ಡಿಯೂ ಉಂಟು. ಬಾಕಿಯ ಮೇಲೆ ತಿಂಗಳಿಗೆ ಶೇ. 1, ತಿಂಗಳು ತುಂಬದಿದ್ದರೂ ಪೂರ್ತಿ ತಿಂಗಳ ಲೆಕ್ಕ. ಷೇರಿನಲ್ಲಿ ನಷ್ಟವಾದ ಹುಡುಗರು ತಡ ಮಾಡಿದರೆ, ಆ ನಷ್ಟವನ್ನು ಮುಂದಿನ ವರ್ಷದ ಲಾಭಕ್ಕೆ ವಜಾ ಹಾಕಿಕೊಳ್ಳುವ ಅವಕಾಶವೂ ಹೋಯಿತು.

ತಡವಾದರೂ ಡಿಸೆಂಬರ್ 31ರ ಒಳಗೆ ಸಲ್ಲಿಸಿ. ಆಮೇಲೆ ಉಳಿಯುವುದು ಪರಿಷ್ಕರಿಸಿದ ‘ಅಪ್‌ಡೇಟೆಡ್’ ರಿಟರ್ನ್. ಅದಕ್ಕೆ ನಾಲ್ಕು ವರ್ಷ ಕಾಲಾವಕಾಶವಿದೆ ನಿಜ, ಆದರೆ ಬಾಕಿ ತೆರಿಗೆಯ ಮೇಲೆ ಶೇ. 25ರಿಂದ 70ರವರೆಗೆ ಹೆಚ್ಚುವರಿ ತೆರಬೇಕು. ಅದರಲ್ಲಿ ಮರುಪಾವತಿ ಕೇಳುವಂತಿಲ್ಲ. ಮೇಷ್ಟ್ರು ಜನವರಿಯಲ್ಲಿ ಬಂದಿದ್ದರೆ ಆ 2,000ವೂ ಕೈಬಿಟ್ಟ ಹಾಗೇ.

ನಮ್ಮ ಕಡೆಯವರಿಗೆ ಒಂದು ಮಾತು. ಅಡಿಕೆ, ತೆಂಗಿನ ಆದಾಯ ಕೃಷಿ ಆದಾಯ, ಅದಕ್ಕೆ ಕೇಂದ್ರದ ತೆರಿಗೆ ಇಲ್ಲ. ಆದರೆ ಭೀಮಸಮುದ್ರದಲ್ಲಿ ಅಡಿಕೆ ಮಾರಿ ಬಂದ ದುಡ್ಡನ್ನು ಠೇವಣಿ ಇಟ್ಟರೆ, ಅದರ ಬಡ್ಡಿ ಕೃಷಿ ಆದಾಯವಲ್ಲ. ಇನ್ನು ಕೃಷಿ ಆದಾಯ 5,000 ಮೀರಿದವರು ‘ಸಹಜ್’ ಎಂಬ ಒಂದನೇ ನಮೂನೆ ತುಂಬುವಂತಿಲ್ಲ.

ನನ್ನಂಥ ಎಪ್ಪತ್ತೈದು ದಾಟಿದವರಿಗೆ ರಿಟರ್ನ್ ಬೇಡ ಎಂಬ ಮಾತೂ ಹರಿದಾಡುತ್ತದೆ. ಅದು ಅರ್ಧ ಸತ್ಯ. ಪಿಂಚಣಿ ಮತ್ತು ಬಡ್ಡಿ ಬಿಟ್ಟು ಬೇರೆ ಆದಾಯ ಇರಬಾರದು, ಎರಡೂ ಒಂದೇ ಬ್ಯಾಂಕಿನಲ್ಲಿರಬೇಕು, ಆ ಬ್ಯಾಂಕಿಗೆ 12ಬಿಬಿಎ ಫಾರಂ ಕೊಟ್ಟಿರಬೇಕು. ಇನ್ನೊಂದು ಬ್ಯಾಂಕಿನಲ್ಲಿ ಒಂದು ಸಣ್ಣ ಠೇವಣಿಯ ಬಡ್ಡಿ ಇದ್ದರೂ ಈ ವಿನಾಯಿತಿ ಇಲ್ಲ.

ಇಷ್ಟು ಈಗಲೇ ಬರೆಯಲು ಕಾರಣವಿದೆ. 2025-26ನೇ ಸಾಲಿಗೆ, ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆ ಇಲ್ಲ ಎಂದು ಎಲ್ಲರ ಬಾಯಲ್ಲೂ ಇದೆ. ಅದೂ 87ಎ ರಿಯಾಯಿತಿಯಿಂದಲೇ. ರಿಟರ್ನ್ ಸಲ್ಲಿಸಬೇಕಾದ ಗೆರೆ ಮಾತ್ರ ನಾಲ್ಕು ಲಕ್ಷಕ್ಕೇ ಇದೆ. ನಾಲ್ಕರಿಂದ ಹನ್ನೆರಡರ ನಡುವೆ ಇರುವವರು, ನಾನು ಮೇಷ್ಟ್ರಿಗೆ ತೋಡಿದ ಹಳ್ಳದಲ್ಲಿ ಮುಂದಿನ ವರ್ಷ ತಾವೇ ಬೀಳಬಹುದು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಏನು ಪ್ರಯೋಜನ?

ರಿಟರ್ನ್ ಕಳಿಸಿದ ಕೂಡಲೇ ಕೆಲಸ ಮುಗಿಯಲಿಲ್ಲ ಎಂಬುದೂ ನೆನಪಿರಲಿ. ಮೂವತ್ತು ದಿನದೊಳಗೆ ಅದನ್ನು ದೃಢೀಕರಿಸಬೇಕು. ಹಿಂದೆ ಸಹಿ ಹಾಕಿದ ಕಾಗದವನ್ನು ಅಂಚೆಯಲ್ಲಿ ಬೆಂಗಳೂರಿಗೆ ಕಳಿಸುತ್ತಿದ್ದೆವು. ಈಗ ಆಧಾರ್ ಒಟಿಪಿ ಸಾಕು. ಮೂವತ್ತು ದಿನ ಮೀರಿದರೆ ದೃಢೀಕರಿಸಿದ ದಿನವೇ ಸಲ್ಲಿಸಿದ ದಿನ ಎಂದು ಲೆಕ್ಕ; ಗಡುವಿನೊಳಗೆ ಕಳಿಸಿದವರೂ ಶುಲ್ಕ ಕಟ್ಟುವ ಹಾಗಾಗುತ್ತದೆ.

ಅಂದು ಸಂಜೆಯೇ ಮೇಷ್ಟ್ರ ರಿಟರ್ನ್ ಹೋಯಿತು. ಅವರ ಫೋನಿಗೆ ಬಂದ ಒಟಿಪಿಯನ್ನು ಅವರು ಪಾಠ ಓದಿದ ಹಾಗೆ ಒಂದೊಂದೇ ಅಂಕಿ ಬಿಡಿಸಿ ಓದಿದರು, ಮೊಮ್ಮಗಳು ಒತ್ತಿದಳು. ಐದು ಸಾವಿರ ನಾನೇ ಕೊಡುತ್ತೇನೆ ಎಂದು ಒಳಗೆ ಹೋಗಿ ದುಡ್ಡು ತಂದೆ. ಅವರು ಮುಟ್ಟಲಿಲ್ಲ.

“ಮಕ್ಕಳು ಲೆಕ್ಕ ತಪ್ಪಿದಾಗ ನಾನು ದುಡ್ಡು ಕೇಳುತ್ತಿರಲಿಲ್ಲ ರಾಯರೇ, ಹತ್ತು ಸಲ ಬರೆಸುತ್ತಿದ್ದೆ. ನೀವೂ ಬರೆಯಿರಿ,” ಎಂದರು.

ಬರೆದಿದ್ದೇನೆ. ಹೊಸ ಕ್ಯಾಲೆಂಡರಿನಲ್ಲಿ ಮೊಮ್ಮಗಳು ಎರಡು ಕಡೆ ಕೆಂಪು ಗುರುತು ಹಾಕಿದ್ದಾಳೆ: ಏಪ್ರಿಲ್ ಮೊದಲ ವಾರ 15ಎಚ್, ಜುಲೈ ಮೊದಲ ವಾರ ರಿಟರ್ನ್. ಪಕ್ಕದಲ್ಲಿ ‘ಮೇಷ್ಟ್ರು ತಾತನಿಗೂ ಹೇಳಬೇಕು’ ಎಂದು ಬರೆದಿದ್ದಾಳೆ.