ಲೆಕ್ಕದ ರಾಶಿಯೂ ಗಣಿತದ ಅರಿವೂ



ಕಳೆದ ದೀಪಾವಳಿಯ ರಜೆಯಲ್ಲಿ ನನ್ನ ಅಕ್ಕನ ಮೊಮ್ಮಗಳು ಬೆಂಗಳೂರಿನಿಂದ ಬೆಟ್ಟದಪುರಕ್ಕೆ ಬಂದು ನಾಲ್ಕು ದಿನ ನಮ್ಮ ಮನೆಯಲ್ಲಿದ್ದಳು. ಇಂಜಿನಿಯರಿಂಗ್ ಮುಗಿಸಿರುವ ಅವಳು ಅಮೆರಿಕದಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡುವ ಆಸೆಯಿಂದ ಜಿ.ಆರ್.ಇ. ಪರೀಕ್ಷೆಗೆ ಸಿದ್ಧತೆ ನಡೆಸಿದ್ದಾಳೆ. ಹಬ್ಬದ ದಿನವೂ ಎಣ್ಣೆಸ್ನಾನ ಮುಗಿಸಿದ್ದೇ ಜಗಲಿಯ ಮೇಲೆ ಕುಳಿತು, ದಿನಕ್ಕೆ ನೂರು ಲೆಕ್ಕ ಎಂಬ ವ್ರತವನ್ನು ತಪ್ಪದೆ ಪಾಲಿಸಿದಳು. ಅವಳ ಶ್ರದ್ಧೆಯನ್ನು ಕಂಡು ಸಂತೋಷವಾಯಿತು. ಆದರೆ ಅವಳ ಅಭ್ಯಾಸ ಪುಸ್ತಕವನ್ನು ತೆರೆದು ನೋಡಿದ ಮೇಲೆ ಆ ಸಂತೋಷ ಉಳಿಯಲಿಲ್ಲ.

ಅದರಲ್ಲಿದ್ದದ್ದು ಅಂಕಗಣಿತ, ಬೀಜಗಣಿತ, ರೇಖಾಗಣಿತ, ಸ್ವಲ್ಪ ಸಂಖ್ಯಾಶಾಸ್ತ್ರ. ತ್ರಿಕೋನಮಿತಿ ಇಲ್ಲ, ಕಲನಶಾಸ್ತ್ರ ಇಲ್ಲ. ಅಂದರೆ ಬಹುಪಾಲು ನಾನು ಸೀಮೆಸುಣ್ಣ ಹಿಡಿದು ಪ್ರೌಢಶಾಲೆಯಲ್ಲಿ ಕಲಿಸಿದ ವಿಷಯವೇ. ಮೇಲಾಗಿ ಪರೀಕ್ಷೆಯಲ್ಲಿ ಕಂಪ್ಯೂಟರಿನ ಪರದೆಯ ಮೇಲೆ ಕ್ಯಾಲ್ಕುಲೇಟರನ್ನೂ ಕೊಡುತ್ತಾರೆ. ಹಾಗಿರುವಾಗ ನಾಲ್ಕು ವರ್ಷ ಇಂಜಿನಿಯರಿಂಗ್ ಗಣಿತ ಓದಿದ ಹುಡುಗಿ ಹತ್ತನೆಯ ತರಗತಿಯ ಲೆಕ್ಕಕ್ಕೆ ಏಕೆ ಅಂಜಬೇಕು? ಅದಕ್ಕಾಗಿ ತಂದೆಯಿಂದ ಹಣ ಪಡೆದು ತರಬೇತಿ ಕೇಂದ್ರಕ್ಕೆ ಏಕೆ ತೆರಬೇಕು?

"ಒಂದು ಲೆಕ್ಕ ಕೇಳಲೇನಮ್ಮ?" ಎಂದೆ. "ಕೇಳಿ ತಾತ" ಎಂದಳು. ನಮ್ಮ ಬೆಟ್ಟವನ್ನೇ ಆರಿಸಿಕೊಂಡೆ. ಒಬ್ಬ ಭಕ್ತ ಸಿಡಿಲು ಮಲ್ಲಿಕಾರ್ಜುನನ ದರ್ಶನಕ್ಕೆ ಗಂಟೆಗೆ 2 ಕಿ.ಮೀ. ವೇಗದಲ್ಲಿ ಬೆಟ್ಟ ಹತ್ತಿ, ಅದೇ ದಾರಿಯಲ್ಲಿ ಗಂಟೆಗೆ 6 ಕಿ.ಮೀ. ವೇಗದಲ್ಲಿ ಇಳಿಯುತ್ತಾನೆ. ಅವನ ಸರಾಸರಿ ವೇಗವೆಷ್ಟು? ಕ್ಷಣಮಾತ್ರದಲ್ಲಿ "3" ಎಂದಳು. ಉತ್ತರ ಸರಿ. "4 ಏಕೆ ಅಲ್ಲ?" ಎಂದೆ. "ಅದಕ್ಕೆ ಶಾರ್ಟ್‌ಕಟ್ ಇದೆ ತಾತ. ಎರಡು ವೇಗಗಳ ಗುಣಲಬ್ಧದ ಎರಡರಷ್ಟನ್ನು ಅವುಗಳ ಮೊತ್ತದಿಂದ ಭಾಗಿಸಬೇಕು" ಎಂದಳು.

ಇದು ನನ್ನ ಪ್ರಶ್ನೆಗೆ ಉತ್ತರವಲ್ಲ. ಲೆಕ್ಕವನ್ನು ತುಸು ತಿರುಗಿಸಿದೆ. ಒಬ್ಬನು ಒಂದು ಗಂಟೆಯ ಕಾಲ 2 ಕಿ.ಮೀ. ವೇಗದಲ್ಲಿ, ಮುಂದಿನ ಒಂದು ಗಂಟೆಯ ಕಾಲ 6 ಕಿ.ಮೀ. ವೇಗದಲ್ಲಿ ನಡೆದರೆ? ಮತ್ತೆ ಅದೇ ಸೂತ್ರ, ಅದೇ 3! ಎರಡು ಗಂಟೆಯಲ್ಲಿ 8 ಕಿ.ಮೀ. ನಡೆದವನ ಸರಾಸರಿ 4 ಎಂಬುದಕ್ಕೆ ಯಾವ ಸೂತ್ರವೂ ಬೇಡ. ಮೊದಲ ಲೆಕ್ಕದಲ್ಲಿ ದೂರ ಸಮ. ಹತ್ತುವುದಕ್ಕೆ ಇಳಿಯುವುದರ ಮೂರರಷ್ಟು ಕಾಲ ಹಿಡಿಯುವುದರಿಂದ ಸರಾಸರಿಯು ನಿಧಾನದ ಕಡೆಗೆ ವಾಲುತ್ತದೆ. ಎರಡನೆಯದರಲ್ಲಿ ಕಾಲ ಸಮ. ಇಷ್ಟು ವ್ಯತ್ಯಾಸ ತಿಳಿದವಳಿಗೆ ಸೂತ್ರ ಮರೆತರೂ ನಷ್ಟವಿಲ್ಲ; ಇದು ತಿಳಿಯದವಳಿಗೆ ಸೂತ್ರ ನೆನಪಿದ್ದರೂ ಅಪಾಯವೇ.

ಈ ಪರೀಕ್ಷೆಯಲ್ಲಿ ಇನ್ನೊಂದು ಬಗೆಯ ಪ್ರಶ್ನೆಯಿದೆ. ಎರಡು ಪರಿಮಾಣಗಳನ್ನು ಕೊಟ್ಟು ಯಾವುದು ದೊಡ್ಡದೆಂದು ಕೇಳುತ್ತಾರೆ. ಮೊದಲನೆಯದು, ಎರಡನೆಯದು, ಎರಡೂ ಸಮ, ಅಥವಾ ಕೊಟ್ಟ ಮಾಹಿತಿಯಿಂದ ನಿರ್ಧರಿಸಲು ಸಾಧ್ಯವಿಲ್ಲ ಎಂಬ ನಾಲ್ಕು ಆಯ್ಕೆಗಳಿರುತ್ತವೆ. ಒಂದು ಸಂಖ್ಯೆ, ಅದರ ವರ್ಗ, ಇವೆರಡರಲ್ಲಿ ಯಾವುದು ದೊಡ್ಡದು ಎಂದು ಕೇಳಿದೆ. "ವರ್ಗವೇ" ಎಂದಳು. ಅರ್ಧದ ವರ್ಗ ಕಾಲು, ಒಂದರ ವರ್ಗ ಒಂದೇ. ಸಂಖ್ಯೆ ಯಾವುದೆಂದು ಗೊತ್ತಿಲ್ಲದಿರುವಾಗ ನಾಲ್ಕನೆಯ ಆಯ್ಕೆಯೇ ಸರಿ. ಆದರೆ ಅದನ್ನು ಆರಿಸಲು ನಮ್ಮ ಮಕ್ಕಳ ಕೈ ಏಳುವುದಿಲ್ಲ. ಏಕೆಂದರೆ, ಪ್ರಶ್ನೆ ಕೇಳಿದ ಮೇಲೆ ಒಂದು ಸಂಖ್ಯೆಯನ್ನು ಬರೆಯಲೇಬೇಕೆಂದು ನಾವು ಹತ್ತು ವರ್ಷ ಅವರನ್ನು ಪಳಗಿಸಿದ್ದೇವೆ. "ಇಷ್ಟರಿಂದ ಹೇಳಲಾಗದು" ಎಂದ ಮಗುವನ್ನು ದಡ್ಡನೆಂದು ಕೂರಿಸಿದ್ದೇವೆ.

ಅಭ್ಯಾಸವೇ ಬೇಡವೆಂದು ನಾನು ಹೇಳುತ್ತಿಲ್ಲ. 2023ರ ಸೆಪ್ಟೆಂಬರ್‌ನಿಂದ ಈ ಪರೀಕ್ಷೆಯನ್ನು ಕಿರಿದುಗೊಳಿಸಿದ್ದು, ಗಣಿತ ಭಾಗದಲ್ಲಿ 47 ನಿಮಿಷಗಳಲ್ಲಿ 27 ಪ್ರಶ್ನೆಗಳಿಗೆ ಉತ್ತರಿಸಬೇಕು. ಒಂದಕ್ಕೆ ಎರಡು ನಿಮಿಷವೂ ಸಿಗದು. ವೇಗ ಬೇಕು ಎಂಬ ವಾದವನ್ನು ಒಪ್ಪುತ್ತೇನೆ. ಸಂಗೀತ ಕಲಿಯುವವರಿಗೆ ಸರಳೆ ವರಸೆ ಇದ್ದಂತೆ ಗಣಿತಕ್ಕೆ ಸಾಧನೆ ಬೇಕೇ ಬೇಕು. ಆದರೆ ಅಪಸ್ವರವನ್ನು ಸಾವಿರ ಸಲ ಹಾಡಿದರೆ ಗಟ್ಟಿಯಾಗುವುದು ಅಪಸ್ವರವೇ. ತಿಳಿಯದೆ ಮಾಡಿದ ನೂರು ಲೆಕ್ಕಗಳು ತಿಳಿದು ಮಾಡಿದ ಹತ್ತು ಲೆಕ್ಕಗಳಿಗೆ ಸಮವಲ್ಲ.

ತರಬೇತಿ ಕೇಂದ್ರಗಳನ್ನು ಬೈಯುವುದು ಸುಲಭ. ಶಾಲೆಯಲ್ಲಿ ನಾವು ಕೊಡದೆ ಉಳಿಸಿಕೊಂಡದ್ದನ್ನು ಕೊಡುತ್ತೇವೆಂದು ಹೇಳಿ ಅವರು ಹಣ ಪಡೆಯುತ್ತಾರೆ. ಕೊಡುವುದು ಮತ್ತೆ ಸೂತ್ರಗಳ ಪಟ್ಟಿಯನ್ನೇ. ಆದರೆ ಆ ಪಟ್ಟಿಯ ಮೇಲಿನ ನಂಬಿಕೆಯನ್ನು ಬಿತ್ತಿದವರು ಯಾರು? ನಾವೇ. ಬಿ.ಎಡ್. ತರಗತಿಯಲ್ಲಿ ಅನುಗಮನ ಪದ್ಧತಿ, ನಿಗಮನ ಪದ್ಧತಿ ಎಂದು ಓದಿ ಅಂಕ ಪಡೆದ ನಾನು, ಶಾಲೆಗೆ ಬಂದ ಮೇಲೆ ಎಸ್.ಎಸ್.ಎಲ್.ಸಿ. ಫಲಿತಾಂಶದ ಭಯದಿಂದ "ಸೂತ್ರ ಬರೆಯಿರಿ, ಬೆಲೆ ಆದೇಶಿಸಿ, ಉತ್ತರಕ್ಕೆ ಚೌಕ ಹಾಕಿ" ಎಂದೇ ವರ್ಷಗಳನ್ನು ಕಳೆದೆ.

ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕು. ತೊಂಬತ್ತರ ದಶಕದಲ್ಲಿ ಒಬ್ಬ ಹುಡುಗ, ಹೊಗೆಸೊಪ್ಪು ಬೆಳೆಯುವ ಮನೆಯವನು, ಪರೀಕ್ಷೆಯಲ್ಲಿ ಇಂಥದೇ ಸರಾಸರಿ ವೇಗದ ಲೆಕ್ಕವನ್ನು ಸೂತ್ರವಿಲ್ಲದೆ ಬಿಡಿಸಿದ್ದ. ದೂರ ಕೊಟ್ಟಿರಲಿಲ್ಲ, ತಾನೇ ಒಂದು ದೂರವನ್ನು ಭಾವಿಸಿಕೊಂಡು, ಕಾಲವನ್ನು ಕೂಡಿ, ಸರಿಯಾದ ಉತ್ತರ ತಂದಿದ್ದ. "ಸೂತ್ರ ಬರೆದಿಲ್ಲ" ಎಂದು ಕೆಂಪು ಶಾಯಿಯಲ್ಲಿ ಬರೆದು ಎರಡು ಅಂಕ ಕಳೆದೆ. ಅವನು ಏನೂ ಕೇಳಲಿಲ್ಲ. ಮುಂದಿನ ಪರೀಕ್ಷೆಯಲ್ಲಿ ಸೂತ್ರವನ್ನೇ ಬರೆದ. ಅಂದು ನಾನು ಅದನ್ನು ಪ್ರಗತಿ ಎಂದುಕೊಂಡಿದ್ದೆ. ಅವನು ಇದನ್ನು ಓದುತ್ತಿದ್ದರೆ, ಆ ಎರಡು ಅಂಕ ಅವನದೇ.

ಈ ಪರೀಕ್ಷೆ ಬರೆಯಲಿರುವ ನಿಮ್ಮ ಮಕ್ಕಳಿಗೆ ನಾನು ಹೇಳುವುದು ಇಷ್ಟೇ. ಪರೀಕ್ಷೆ ನಡೆಸುವ ಸಂಸ್ಥೆಯೇ ಗಣಿತದ ಪುನರಾವರ್ತನೆಯ ಪಾಠಗಳನ್ನೂ ಎರಡು ಮಾದರಿ ಪರೀಕ್ಷೆಗಳನ್ನೂ ಉಚಿತವಾಗಿ ಕೊಡುತ್ತದೆ. ಹಣ ತೆರುವ ಮುನ್ನ ಅವನ್ನು ಮುಗಿಸಲಿ. ತಪ್ಪಿದ ಲೆಕ್ಕಗಳಿಗೆಂದೇ ಒಂದು ನೋಟ್‌ಪುಸ್ತಕವಿರಲಿ. ಸರಿಯುತ್ತರವನ್ನು ನಕಲು ಮಾಡದೆ, ಎಲ್ಲಿ ಎಡವಿದೆ, ಏಕೆ ಎಡವಿದೆ ಎಂಬುದನ್ನು ತಮ್ಮ ಮಾತಿನಲ್ಲಿ ಬರೆಯಲಿ. ಅದೇ ಲೆಕ್ಕವನ್ನು ವಾರದ ನಂತರ, ಒಂದು ಅಂಶವನ್ನು ಬದಲಿಸಿ, ಮತ್ತೆ ಬಿಡಿಸಲಿ. ವೇಗದ ಅಭ್ಯಾಸ ಆಮೇಲೆ ಆಗಲಿ.

ಹೊರಡುವ ದಿನ ಮೊಮ್ಮಗಳು ಕೇವಲ ಎಂಟು ಲೆಕ್ಕ ಮಾಡಿದ್ದಳು. "ವ್ರತ ಕೆಟ್ಟಿತು ತಾತ" ಎಂದಳು. ಎಂಟಕ್ಕೂ ಏಕೆ ಎಂಬುದನ್ನು ಬರೆದಿದ್ದಳು. ಈ ಸಲ ನಾನು ಅಂಕ ಕಳೆಯಲಿಲ್ಲ.