ಕೊಳವೆಯ ಲೆಕ್ಕದ ಲಾಭ ಯಾರಿಗೆ?

ಅನೇಕ ಸಣ್ಣ ಕಾರುಗಳಲ್ಲಿ ಹಿಂದಿನ ಎರಡು ಚಕ್ರಗಳ ನಡುವೆ ಉಕ್ಕಿನ ಅಡ್ಡದೂಲವೊಂದಿರುತ್ತದೆ. ಒಂದು ಚಕ್ರ ಗುಂಡಿಗಿಳಿದರೆ ಅದು ತಿರುಚಿಕೊಂಡು, ಗುಂಡಿ ದಾಟಿದೊಡನೆ ಮೊದಲಿನಂತಾಗುತ್ತದೆ. ಕೆಲವು ಕಾರುಗಳಲ್ಲಿ ಇದನ್ನು ದುಂಡು ಕೊಳವೆಯಿಂದಲೇ ಮಾಡುತ್ತಾರೆ: ತುದಿಗಳನ್ನು ಹಾಗೇ ಬಿಟ್ಟು ನಡುಭಾಗವನ್ನು ಅಚ್ಚಿನಲ್ಲಿ ಒಳಕ್ಕೆ ಅದುಮುತ್ತಾರೆ. ಕೇಳಲು ಸುಲಭ, ಮಾಡುವವನ ಪಾಡು ಬೇರೆ. ಎಳೆತಕ್ಕೆ ಸಿಕ್ಕ ಕಡೆ ಗೋಡೆ ತೆಳುವಾಗುತ್ತದೆ, ಒತ್ತಡ ಬಿದ್ದ ಕಡೆ ನೆರಿಗೆ ಬರುತ್ತದೆ, ಅಚ್ಚು ಬಿಚ್ಚಿದೊಡನೆ ಲೋಹ ತುಸು ಹಿಂದಕ್ಕೆ ಸರಿಯುತ್ತದೆ. ಇಂದು ಕಾಣದ ದೋಷ, ದೂಲ ಲಕ್ಷಾಂತರ ಸಲ ತಿರುಚಿದ ಮೇಲೆ ಬಿರುಕಾಗಿ ಹೊರಬೀಳುತ್ತದೆ.

ಹಿಂದೆ ಅಚ್ಚು ಕಡೆದು, ಒತ್ತಿ ನೋಡಿ, ಕೆಟ್ಟರೆ ತಿದ್ದಿ, ಮತ್ತೆ ಒತ್ತುವುದೇ ದಾರಿಯಾಗಿತ್ತು. ಈಗ ಅದರ ಬಹುಪಾಲು ಕಂಪ್ಯೂಟರಿನಲ್ಲಿ ನಡೆಯುತ್ತದೆ. ಕೊಳವೆಯನ್ನು ಸಾವಿರಾರು ಸಣ್ಣ ತುಂಡುಗಳೆಂದು ಭಾವಿಸಿ, ಪ್ರತಿಯೊಂದೂ ಎಷ್ಟು ಜರುಗಿತು, ಎಷ್ಟು ತೆಳುವಾಯಿತು ಎಂದು ಯಂತ್ರ ಲೆಕ್ಕ ಹಾಕುತ್ತದೆ. ಉಕ್ಕೂ ಉಳಿಯಿತು, ವೇಳೆಯೂ ಉಳಿಯಿತು. ಇದನ್ನು ನಾವು ವಿರೋಧಿಸುವುದಿಲ್ಲ. ಉಳಿದದ್ದು ಯಾರ ಜೇಬಿಗೆ ಹೋಯಿತೆಂದು ಮಾತ್ರ ಕೇಳುತ್ತೇವೆ.

ಇಂಥ ಲೆಕ್ಕಗಳಲ್ಲಿ ಹೆಸರಾದ ಎಲ್‌ಎಸ್-ಡೈನಾದ ಮೂಲ, 1976ರಲ್ಲಿ ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಶಾಲೆಯಲ್ಲಿ ಜಾನ್ ಹಾಲ್‌ಕ್ವಿಸ್ಟ್ ಬರೆದ ಲೆಕ್ಕಕ್ರಮ. ವಿಮಾನದಿಂದ ಬಿದ್ದ ಬಾಂಬು ನೆಲಕ್ಕೆ ಅಪ್ಪಳಿಸಿದಾಗ ಏನಾಗುವುದೆಂದು ತಿಳಿಯಲು ಅದನ್ನು ಬರೆದರು. (ಬಾಂಬಿಗೆಂದು ಹುಟ್ಟಿದ್ದು ಕಾರಿಗೆ ಒದಗಿತು, ಅಷ್ಟು ಪುಣ್ಯ.) ಹಣ ಅಲ್ಲಿನ ತೆರಿಗೆದಾರರದು. 1989ರಲ್ಲಿ ಅದು ಖಾಸಗಿ ಕಂಪನಿಯ ವ್ಯಾಪಾರವಾಯಿತು; 2019ರಲ್ಲಿ ಆನ್ಸಿಸ್ ಎಂಬ ದೊಡ್ಡ ಕಂಪನಿ ಆ ಕಂಪನಿಯನ್ನೇ ಸುಮಾರು 77.5 ಕೋಟಿ ಡಾಲರಿಗೆ ಕೊಂಡಿತು.

ಇನ್ನೊಂದು ಪಾಲು ಕಾರ್ಮಿಕನದು. ಗೋಡೆಯ ದಪ್ಪ, ಉಕ್ಕಿನ ಬಿಗಿ, ಎಣ್ಣೆ ಹಚ್ಚಿದ ಅಚ್ಚಿನ ಘರ್ಷಣೆ ಇವನ್ನು ಸರಿಯಾಗಿ ತುಂಬದಿದ್ದರೆ ಪರದೆಯ ಮೇಲೆ ಬರುವುದು ಬಣ್ಣದ ಚಿತ್ರವಷ್ಟೆ. ಲೆಕ್ಕ ನಿಜವೋ ಸುಳ್ಳೋ ಎಂಬುದು ಗೊತ್ತಾಗುವುದು ಕೊನೆಗೆ ಪ್ರೆಸ್ಸಿನ ಮುಂದೆ, ಅಚ್ಚು ತಿದ್ದುವ ಫಿಟ್ಟರನ ಕೈಯಲ್ಲಿ. ಅವನು ಹೇಳಿದ್ದನ್ನು ಬರೆದುಕೊಂಡು ಅವನನ್ನೇ ಮನೆಗೆ ಕಳಿಸುವುದು ಯಾವ ನ್ಯಾಯ?

ಫಿಟ್ಟರನನ್ನು ಪರದೆಯ ಮುಂದೆ ಕೂರಿಸಿ, ಸಂಬಳಸಹಿತ ಕಲಿಸಬೇಕು. ಅಚ್ಚಿನ ಸಣ್ಣ ಕಾರ್ಖಾನೆಯವರು ಇಂಥ ಸಾಫ್ಟ್‌ವೇರಿನ ಬಾಡಿಗೆ ಎಲ್ಲಿಂದ ತಂದಾರು? ಸರ್ಕಾರಿ ಟೂಲ್‌ರೂಮುಗಳು ಅವರಿಗೆ ಅಗ್ಗದ ದರದಲ್ಲಿ ಲೆಕ್ಕ ಮಾಡಿಕೊಡಲಿ. ಇದೇ ಜಾತಿಯ ಓಪನ್‌ರೇಡಿಯಾಸ್ 2022ರಿಂದ ಎಲ್ಲರಿಗೂ ಬಿಟ್ಟಿಯಾಗಿ ಸಿಗುತ್ತಿದೆ. ಸಾಫ್ಟ್‌ವೇರ್ ಕೊಳ್ಳಲು ದುಡ್ಡಿಲ್ಲವೆಂದು ಅಧಿಕಾರಿಗಳು ಹೇಳುವಂತಿಲ್ಲ.